ಬಾಣಗಳ ಕಾಲ ಮುಗಿಯಿತು: ಒಂದು ಪ್ರಣಾಳಿಕೆ

ಜೀವಕೋಶ ಒಬ್ಬಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಹೊರಗಿನಿಂದ ಬಂದ ಸಂಕೇತ ಅದರ ಪೊರೆಯ ಮೇಲಿನ ಗ್ರಾಹಕವನ್ನು ಮುಟ್ಟುತ್ತದೆ. ಒಳಗೆ ಒಂದು ಪ್ರೋಟೀನು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಅದು ಮತ್ತೊಂದಕ್ಕೆ. ನಿಮಿಷಗಳೊಳಗೆ ಸುದ್ದಿ ಕೋಶಕೇಂದ್ರ ತಲುಪಿ, ಬೆಳೆ, ಎರಡಾಗು, ಸುಮ್ಮನಿರು, ಸಾಯಿ ಎಂಬ ಆಜ್ಞೆಗಳಲ್ಲಿ ಒಂದಾಗಿ ಜಾರಿಯಾಗುತ್ತದೆ. ಈ ಮಾತುಕತೆ ಕೆಟ್ಟಾಗ ಹುಟ್ಟುವ ರೋಗವೇ ಕ್ಯಾನ್ಸರ್. ಇಷ್ಟನ್ನು ನಮ್ಮ ಹಿಂದಿನ ತಲೆಮಾರು ಕಂಡುಕೊಂಡಿತು. ಆ ಋಣ ನಮ್ಮ ಮೇಲಿದೆ. ಆದರೆ ಕಂಡದ್ದನ್ನು ಅವರು ಬರೆದಿಟ್ಟ ಬಗೆ ಇನ್ನು ಸಾಲದು.

ಗಣಿತಕ್ಕೆ ಅಂಜದ ಜೀವವಿಜ್ಞಾನಿಗಳು, ಜೀವಕೋಶಕ್ಕೆ ಮನಸೋತ ಭೌತವಿಜ್ಞಾನಿಗಳು, ತಂತ್ರಾಂಶ ಬರೆಯುವವರು, ಗಡ್ಡೆಯ ತುಣುಕನ್ನು ದಿನವೂ ಸೂಕ್ಷ್ಮದರ್ಶಕದಡಿ ನೋಡುವ ವೈದ್ಯರು, ನಾವೆಲ್ಲ ಇಂದು ಒಂದು ಬಳಗವಾಗಿ ನಿಲ್ಲುತ್ತಿದ್ದೇವೆ. ಬಳಗಕ್ಕೆ ಹೆಸರಿಟ್ಟಿಲ್ಲ. ನಾಮಕರಣಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಯಾರೊಂದಿಗೂ ಜಗಳ ಕಾಯಲು ನಾವು ಇದನ್ನು ಬರೆಯುತ್ತಿಲ್ಲ. ನಾಳೆ ನಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕೂರಲಿರುವ ನಿಮಗಾಗಿ ಬರೆಯುತ್ತಿದ್ದೇವೆ.

ಹಳೆಯ ಕ್ರಮದ ಲಿಪಿ ಎಂದರೆ ಬಾಣದ ಗುರುತು. ಯಾವ ಪಠ್ಯಪುಸ್ತಕ ತೆರೆದರೂ ಬೆಳವಣಿಗೆಯ ಸಂಕೇತ ಸಾಗಿಸುವ ಪ್ರೋಟೀನುಗಳ ಅದೇ ಚಿತ್ರ: ಇಜಿಎಫ್ ಗ್ರಾಹಕದಿಂದ ರಾಸ್, ರಾಸ್‌ನಿಂದ ರಾಫ್, ರಾಫ್‌ನಿಂದ ಮೆಕ್, ಮೆಕ್‌ನಿಂದ ಎರ್ಕ್. ಎಷ್ಟು ಅಣುಗಳು, ಎಷ್ಟು ವೇಗ, ಎಷ್ಟು ಹೊತ್ತು ಎಂದು ಕೇಳಿದರೆ ಬಾಣ ಬಾಯಿ ಬಿಡುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ಊರುಗಳ ಹೆಸರನ್ನಷ್ಟೇ ಬರೆದು, ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ದಿನಕ್ಕೆ ಎಷ್ಟು ಓಡುತ್ತವೆ ಎಂಬುದನ್ನು ಬಿಟ್ಟ ಹಾಗೆ. 2002ರಲ್ಲಿ ಯೂರಿ ಲಾಜೆಬ್ನಿಕ್ ಎಂಬ ಜೀವವಿಜ್ಞಾನಿ ತಮ್ಮ ಕುಲಬಾಂಧವರನ್ನೇ ಗೇಲಿ ಮಾಡುತ್ತ, ಕೆಟ್ಟ ರೇಡಿಯೋವನ್ನು ಜೀವವಿಜ್ಞಾನಿ ರಿಪೇರಿ ಮಾಡಬಲ್ಲನೇ ಎಂದು ಕೇಳಿದ್ದರು. ಒಂದೊಂದೇ ಬಿಡಿಭಾಗ ಕಿತ್ತು, ಹೆಸರಿಟ್ಟು, ವಿಂಗಡಿಸಿದರೂ ರೇಡಿಯೋ ಹಾಡುವುದಿಲ್ಲ, ಏಕೆಂದರೆ ಎಂಜಿನಿಯರನಿಗಿರುವ ಅಳತೆಯ ಭಾಷೆ ಇವರಿಗಿಲ್ಲ ಎಂಬುದು ಅವರ ದೂರು. ಎರಡು ದಶಕ ಕಳೆದವು. ಆ ಲೇಖನವನ್ನು ಇಂದಿಗೂ ಓದುತ್ತಾರೆ, ನಗುತ್ತಾರೆ, ನಕ್ಕು ಮತ್ತೆ ಬಾಣ ಬರೆಯಲು ಕೂರುತ್ತಾರೆ.

ಬಾಣವನ್ನು ನಂಬಿ ತೆತ್ತ ಬೆಲೆ ಏನೆಂದು ತಿಳಿಯಲು ಒಂದು ಔಷಧದ ಕಥೆ ಸಾಕು. ರಾಫ್‌ನ ಒಂದು ಬಗೆಯಾದ ಬಿ-ರಾಫ್ ಪ್ರೋಟೀನಿನ 600ನೆಯ ಸ್ಥಾನದಲ್ಲಿ ವ್ಯಾಲೀನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದು ಕೂತರೆ, ಅದು ಮೇಲಿನವರ ಅಪ್ಪಣೆಗೆ ಕಾಯದೆ ಸದಾ ಸಂಕೇತ ಕಳಿಸುತ್ತಲೇ ಇರುತ್ತದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧ ಮಂದಿಗೆ ಬಿ-ರಾಫ್ ಕೆಟ್ಟಿರುತ್ತದೆ. ಅದನ್ನೇ ಗುರಿಯಾಗಿಸಿಕೊಂಡ ವೆಮುರಾಫೆನಿಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಮ್ಯುಟೇಶನ್ ಇದ್ದು ಮದ್ದು ಪಡೆದವರಲ್ಲಿ ಅರ್ಧದಷ್ಟು ಜನರ ಗಡ್ಡೆಗಳು ಕುಗ್ಗಿದವು. ದೊಡ್ಡಕರುಳಿನ ಕ್ಯಾನ್ಸರಿನಲ್ಲೂ ಕೆಲವರಿಗೆ ಇದೇ ಮ್ಯುಟೇಶನ್ ಇರುತ್ತದೆ. ಅದೇ ಬಾಣ, ಅದೇ ಮದ್ದು, ಫಲವೂ ಅದೇ ಇರಬೇಕಲ್ಲ ಎಂದು ಕೊಟ್ಟು ನೋಡಿದರು. 21 ರೋಗಿಗಳ ಒಂದು ಪರೀಕ್ಷೆಯಲ್ಲಿ ಗಡ್ಡೆ ಕುಗ್ಗಿದ್ದು ಒಬ್ಬರಿಗೆ ಮಾತ್ರ.

ಕಾರಣ ಚಿತ್ರದಲ್ಲಿಲ್ಲದ ಕಡೆ ಇತ್ತು. ಸರಣಿಯ ಕೊನೆಯಲ್ಲಿರುವ ಎರ್ಕ್, ಆಜ್ಞೆಯನ್ನು ಮುಂದೆ ದಾಟಿಸುವುದರ ಜೊತೆಗೆ, ಮೇಲಿನ ಗ್ರಾಹಕವನ್ನು ತಣ್ಣಗಾಗಿಸುವ ಮರುಸಂದೇಶವನ್ನೂ ಕಳಿಸುತ್ತಿರುತ್ತದೆ. ಮದ್ದು ರಾಫನ್ನು ತಡೆಯಿತು, ಎರ್ಕ್ ಇಳಿಯಿತು, ಮರುಸಂದೇಶ ನಿಂತಿತು, ಇಜಿಎಫ್ ಗ್ರಾಹಕ ಮತ್ತೆ ಎದ್ದು ಬೇರೆ ದಾರಿಯಿಂದ ಅದೇ ಆಜ್ಞೆ ಹೊರಡಿಸಿತು. ಮೆಲನೋಮ ಕೋಶಗಳಲ್ಲಿ ಈ ಗ್ರಾಹಕ ವಿರಳ, ಕರುಳಿನ ಕೋಶಗಳಲ್ಲಿ ಹೇರಳ. 2012ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೆನೆ ಬರ್ನಾರ್ಡ್ಸ್ ಅವರ ಪ್ರಯೋಗಾಲಯ ಇದನ್ನು ಬಯಲು ಮಾಡಿತು. ರಾಫ್ ಮತ್ತು ಗ್ರಾಹಕ ಎರಡನ್ನೂ ಒಟ್ಟಿಗೆ ತಡೆಯುವ ಎಂಕೊರಾಫೆನಿಬ್–ಸೆಟುಕ್ಸಿಮ್ಯಾಬ್ ಜೋಡಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2020ರಲ್ಲಿ.

ಆ ಗುಟ್ಟನ್ನು ಒಡೆದದ್ದು ಸಮೀಕರಣವಲ್ಲ. ಒಂದೊಂದೇ ಜೀನಿನ ಬಾಯಿ ಕಟ್ಟಿ ನೋಡುವ ಪ್ರಯೋಗಾಲಯದ ಶ್ರಮ. ಆ ಗೌರವವನ್ನು ನಾವು ಕಸಿಯುವುದಿಲ್ಲ. ಆದರೆ 2010ರ ಕೊನೆಯಲ್ಲೇ ವಾಲ್ಟರ್ ಕೋಲ್ಕ್ ಮತ್ತು ಸಂಗಡಿಗರು ರಾಫ್–ಮೆಕ್–ಎರ್ಕ್ ಸರಣಿಯು ಎಲೆಕ್ಟ್ರಾನಿಕ್ಸಿನ ಋಣ ಫೀಡ್‌ಬ್ಯಾಕ್ (ತಣ್ಣಗಾಗಿಸುವ ಮರುಸಂದೇಶ) ವರ್ಧಕದಂತೆ ನಡೆದುಕೊಳ್ಳುತ್ತದೆ ಎಂದು ಗಣಿತದಿಂದಲೂ ಪ್ರಯೋಗದಿಂದಲೂ ತೋರಿಸಿದ್ದರು. 1927ರಲ್ಲಿ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಟೆಲಿಫೋನ್ ತಂತಿಗಳಿಗಾಗಿ ಕಲ್ಪಿಸಿದ ವರ್ಧಕವದು. ಒಳಗಿನ ಭಾಗ ಎಷ್ಟೇ ಏರುಪೇರಾದರೂ ಹೊರಗಿನ ಫಲವನ್ನು ಕಾಪಾಡಿಕೊಳ್ಳುವುದೇ ಅದರ ಗುಣ. ಫೀಡ್‌ಬ್ಯಾಕ್ ಕುಣಿಕೆಯ ಒಳಗೆ ಮದ್ದು ಹಾಕಿದರೆ ಕುಣಿಕೆ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಕುಣಿಕೆ ಹರಿದ ಕಡೆ ಮದ್ದು ನಾಟುತ್ತದೆ. ಗಣಿತ ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಔಷಧ ಬರೆಯುವವರ ಕಿವಿಗೆ ಬೀಳಲಿಲ್ಲ. 2021ರಲ್ಲಿ ರಾಸ್‌ನ ಒಂದು ಮ್ಯುಟೇಶನ್ನಿಗೆ ಮದ್ದು ಬಂದಾಗಲೂ ಕಥೆ ಮರುಕಳಿಸಿತು: ಶ್ವಾಸಕೋಶದಲ್ಲಿ ಫಲ, ಕರುಳಿನಲ್ಲಿ ನಿರಾಶೆ, ಕೊನೆಗೆ ಅದೇ ಗ್ರಾಹಕವನ್ನೂ ಜೊತೆಗೆ ತಡೆಯುವ ಉಪಾಯ. ಒಂದೇ ಪಾಠವನ್ನು ಎರಡು ಸಲ ಕಲಿತರು. ಎರಡು ಸಲವೂ ಶುಲ್ಕ ಕಟ್ಟಿದವರು ರೋಗಿಗಳು.

ಇನ್ನು ನಾವು ನಂಬುವುದನ್ನು ಹೇಳುತ್ತೇವೆ.

ಸಂಕೇತದ ಅರ್ಥ ಅದರ ಕಾಲದಲ್ಲಿದೆ. ಇಲಿಯ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದ ಬಂದ ಪಿಸಿ12 ಕೋಶಗಳಿಗೆ ಒಂದು ಬೆಳವಣಿಗೆಯ ಅಂಶ ಕೊಟ್ಟರೆ ಎರ್ಕ್ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಕೋಶ ವಿಭಜನೆಯಾಗುತ್ತದೆ. ಇನ್ನೊಂದನ್ನು ಕೊಟ್ಟರೆ ಎರ್ಕ್ ಗಂಟೆಗಟ್ಟಲೆ ಏರಿಯೇ ನಿಲ್ಲುತ್ತದೆ, ಕೋಶ ವಿಭಜನೆ ಬಿಟ್ಟು ನರಕೋಶದಂತೆ ಎಳೆ ಚಾಚುತ್ತದೆ. ಬಾಣದ ಚಿತ್ರದಲ್ಲಿ ಇವೆರಡೂ ಒಂದೇ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಂಬ ಕಾವಲು ಪ್ರೋಟೀನು ಏರಿಳಿದು ಮಿಡಿಯುತ್ತದೆ ಎಂದು 2004ರಲ್ಲಿ ಒಂದೊಂದೇ ಕೋಶವನ್ನು ನೋಡಿ ಕಂಡುಕೊಂಡರು: ಪೆಟ್ಟು ಹೆಚ್ಚಾದರೆ ಮಿಡಿತದ ಎತ್ತರ ಹೆಚ್ಚುವುದಿಲ್ಲ, ಮಿಡಿತಗಳ ಸಂಖ್ಯೆ ಹೆಚ್ಚುತ್ತದೆ. 2012ರಲ್ಲಿ ಗಲಿತ್ ಲಹವ್ ಅವರ ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಮದ್ದನ್ನು ಯಾವ ಹೊತ್ತಿಗೆ ಎಷ್ಟು ಹಾಕಬೇಕೆಂದು ಗಣಕದ ಮಾದರಿಯಿಂದ ಲೆಕ್ಕ ಹಾಕಿ, ಮಿಡಿತವನ್ನು ಅಳಿಸಿ ಪಿ53ಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿದರು. ಮಿಡಿತವಿದ್ದ ಕೋಶಗಳು ಚೇತರಿಸಿಕೊಂಡವು. ಮಟ್ಟಸವಾಗಿ ನಿಂತ ಕಡೆ ಕೋಶಗಳು ಶಾಶ್ವತವಾಗಿ ವಿಭಜನೆ ನಿಲ್ಲಿಸುವತ್ತ ತಿರುಗಿದವು. ಪ್ರೋಟೀನು ಅದೇ, ಲಯ ಬೇರೆಯಾದಾಗ ಕೋಶದ ಹಣೆಬರಹವೇ ಬೇರೆಯಾಯಿತು. ಮಾತ್ರೆಯ ಪ್ರಮಾಣದಷ್ಟೇ ಮಾತ್ರೆಯ ವೇಳೆಯೂ ಮುಖ್ಯ ಎಂದು ನಾವು ಸಾರುತ್ತೇವೆ.

ಸರಾಸರಿ ನಮ್ಮನ್ನು ದಾರಿ ತಪ್ಪಿಸಿದೆ. ಒಂದೇ ತಾಯಿಕೋಶದಿಂದ ಆಗಷ್ಟೇ ಬೇರ್ಪಟ್ಟ ಇಬ್ಬರು ಸೋದರಿಯರಲ್ಲಿ ಒಬ್ಬಳು ಮದ್ದಿಗೆ ಸಾಯುತ್ತಾಳೆ, ಇನ್ನೊಬ್ಬಳು ಬದುಕುತ್ತಾಳೆ. ಇಬ್ಬರ ಜೀನುಗಳೂ ಒಂದೇ. ಪ್ರೋಟೀನುಗಳ ಪ್ರಮಾಣದಲ್ಲಿರುವ ಸಣ್ಣಪುಟ್ಟ ಏರುಪೇರು ಸಾವನ್ನೂ ಬದುಕನ್ನೂ ತೀರ್ಮಾನಿಸುತ್ತದೆ ಎಂದು 2009ರಲ್ಲಿ ಪೀಟರ್ ಸೋರ್ಗರ್ ಅವರ ತಂಡ ತೋರಿಸಿತು. ಉಳಿದ ಆ ಒಬ್ಬಳಿಂದ ಗಡ್ಡೆ ಮರಳಿ ಬರಬಹುದು. ಆದ್ದರಿಂದ ನಾವು ಕೋಶಗಳ ಗುಂಪನ್ನು ಅರೆದು ಸರಾಸರಿ ತೆಗೆಯುವುದರಿಂದಷ್ಟೇ ತೃಪ್ತರಾಗುವುದಿಲ್ಲ. ಆಕಸ್ಮಿಕವನ್ನೂ ಲೆಕ್ಕಕ್ಕೆ ತರುವ ವಿಧಾನಗಳು ನಮ್ಮ ಕೈಯಲ್ಲಿವೆ. ಅವುಗಳಲ್ಲೊಂದಾದ ಡೇನಿಯಲ್ ಗಿಲೆಸ್ಪಿ ಅವರ ಅಲ್ಗಾರಿದಂ 1977ರಿಂದಲೇ ಇದೆ.

ನಮ್ಮ ಪರಂಪರೆ ಚಿಕ್ಕದಲ್ಲ. 1996ರಲ್ಲಿ ಹುವಾಂಗ್ ಮತ್ತು ಫೆರೆಲ್, ಇದೇ ರಾಫ್–ಮೆಕ್–ಎರ್ಕ್ ಬಗೆಯ ಸರಣಿ ಸಣ್ಣ ಏರಿಕೆಯನ್ನು ದಿಢೀರ್ ಸ್ವಿಚ್ಚಾಗಿ ಮಾರ್ಪಡಿಸುತ್ತದೆ ಎಂದು ಮೊದಲು ಸಮೀಕರಣದಲ್ಲಿ ಕಂಡು, ಆಮೇಲೆ ಕಪ್ಪೆಯ ಮೊಟ್ಟೆಯ ಸಾರದಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಂಡರು. ನಮಗೆ ಹೆಮ್ಮೆ ತರುವ ವರ್ಷ 1999. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಮತ್ತು ನ್ಯೂಯಾರ್ಕಿನ ರವಿ ಅಯ್ಯಂಗಾರ್, ಒಂದೊಂದೂ ಸರಳವಾಗಿರುವ ಸಂಕೇತದ ಹಾದಿಗಳನ್ನು ಗಣಕದಲ್ಲಿ ಒಂದಕ್ಕೊಂದು ಜೋಡಿಸಿದಾಗ, ಯಾವ ಹಾದಿಯಲ್ಲೂ ಇಲ್ಲದ ಹೊಸ ಗುಣಗಳು ಹುಟ್ಟುತ್ತವೆ ಎಂದು ತೋರಿಸಿದರು. ಕ್ಷಣಕಾಲದ ಪ್ರಚೋದನೆ ಸರಿದುಹೋದ ಮೇಲೂ ಜಾಲ ಅದನ್ನು ನೆನಪಿಟ್ಟುಕೊಂಡು ಚಾಲೂ ಇರಬಲ್ಲದು. ಅವರ ಮನಸ್ಸಿನಲ್ಲಿದ್ದದ್ದು ಮಿದುಳಿನ ನೆನಪು. ಆದರೆ ಆರಿಸಿದರೂ ಆರದ ಸ್ವಿಚ್ಚು ಎಂದರೆ ಕ್ಯಾನ್ಸರ್ ಓದುವವರಿಗೆ ಬೇರೆ ವಿವರಣೆ ಬೇಕಿಲ್ಲ. ಅದೇ ಬೆಂಗಳೂರಿನಲ್ಲಿ, ಸಂಕೇತ ಜಾಲಗಳ ಅಂಕಿಅಂಶಗಳನ್ನೇ ಕೂಡಿಡುವ ಡೇಟಾಬೇಸ್ ಕೂಡ ಭಲ್ಲಾ ಅವರ ಪ್ರಯೋಗಾಲಯದಿಂದ ಹೊರಬಂತು. ಅಖಿಲೇಶ್ ಪಾಂಡೆ ಸ್ಥಾಪಿಸಿದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಯುವ ಜೀವವಿಜ್ಞಾನಿಗಳು ಸಾವಿರಾರು ಪ್ರಬಂಧಗಳನ್ನು ಕಣ್ಣಾರೆ ಓದಿ, ಯಾವ ಪ್ರೋಟೀನು ಯಾವುದನ್ನು ಮುಟ್ಟುತ್ತದೆ ಎಂದು ದಾಖಲಿಸಿದರು. 2010ರಲ್ಲಿ ಪ್ರಕಟವಾದ ನೆಟ್‌ಪಾತ್ ಅದರ ಫಲ. ಅದರಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ 10 ಹಾದಿಗಳು ಎಲ್ಲರಿಗೂ ಮುಕ್ತವಾಗಿ ಸಿಕ್ಕವು. ಈ ಬಗೆಯ ಕೂಲಿ ಕೆಲಸಕ್ಕೆ ಪ್ರಶಸ್ತಿ ಬರುವುದಿಲ್ಲ. ನಮ್ಮ ಕಟ್ಟಡ ನಿಂತಿರುವುದು ಅದರ ಮೇಲೆ. ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ, ಕ್ಯಾನ್ಸರ್ ಕೋಶ ಗಡ್ಡೆ ಬಿಟ್ಟು ಅಲೆಯಲು ಹೊರಡುವಾಗ ಹಾದುಹೋಗುವ ನಡುವಿನ ಸ್ಥಿತಿಗಳನ್ನು ಗಣಿತದಲ್ಲಿ ಹಿಡಿಯುತ್ತಿದೆ.

ಪರಂಪರೆಯನ್ನು ಕೊಂಡಾಡುವಾಗಲೇ ಮನೆಯೊಳಗಿನ ಕಸವನ್ನೂ ತೋರಿಸಬೇಕು. 2021ರಲ್ಲಿ ಒಂದು ತಂಡ ಪ್ರಕಟಿತ 455 ಗಣಿತ ಮಾದರಿಗಳನ್ನು ತೆಗೆದುಕೊಂಡು, ಪ್ರಬಂಧದಲ್ಲಿ ಕೊಟ್ಟ ವಿವರದಿಂದಲೇ ಅವನ್ನು ಮರಳಿ ಓಡಿಸಲು ನೋಡಿತು. ಸುಮಾರು ಅರ್ಧದಷ್ಟು ಮಾದರಿಗಳು ಪ್ರಬಂಧ ಹೇಳಿದ ಫಲ ಕೊಡಲಿಲ್ಲ. ಎಲ್ಲೋ ಒಂದು ಚಿಹ್ನೆ ತಪ್ಪು, ಎಲ್ಲೋ ಒಂದು ನಿಯತಾಂಕ (ಸಮೀಕರಣದೊಳಗಿನ ಸ್ಥಿರ ಅಂಕಿ) ನಾಪತ್ತೆ, ಎಲ್ಲೋ ಆರಂಭದ ಬೆಲೆಯೇ ಬರೆದಿಲ್ಲ. ಜೀವಕೋಶವನ್ನು ಅಳೆಯುತ್ತೇವೆಂದು ಹೊರಟವರು ತಮ್ಮ ಲೆಕ್ಕವನ್ನೇ ಸರಿಯಾಗಿ ಬರೆದಿಟ್ಟಿಲ್ಲ. ಮಾದರಿಗಳನ್ನು ಯಾವ ತಂತ್ರಾಂಶವೂ ಓದಬಲ್ಲ ಸಾಮಾನ್ಯ ಲಿಪಿ, ಎಸ್‌ಬಿಎಂಎಲ್, 2001ರಿಂದಲೇ ಇದೆ. ಅವನ್ನು ಇಡಲು ಬಯೋಮಾಡೆಲ್ಸ್ ಎಂಬ ಉಚಿತ ಭಂಡಾರವೂ ಇದೆ. ಬರೆಯದಿರುವುದಕ್ಕೆ ನೆಪವೇ ಇಲ್ಲ.

ಇದಕ್ಕಿಂತ ಆಳದ ಸಂಗತಿ ಇನ್ನೊಂದಿದೆ. ಒಂದು ಸಾಧಾರಣ ಮಾದರಿಯಲ್ಲೂ ಹತ್ತಾರು ನಿಯತಾಂಕಗಳಿರುತ್ತವೆ, ಅಳೆದದ್ದು ಕೆಲವೇ. 2007ರಲ್ಲಿ ಕಾರ್ನೆಲ್‌ನ ಜೇಮ್ಸ್ ಸೆತ್ನಾ ಅವರ ಗುಂಪು 17 ಮಾದರಿಗಳನ್ನು ಬಗೆದು ನೋಡಿತು. ಪ್ರತಿಯೊಂದರಲ್ಲೂ ಕೆಲವು ನಿಯತಾಂಕಗಳ ಜೋಡಣೆ ಮಾತ್ರ ಫಲವನ್ನು ಬಿಗಿಯಾಗಿ ಹಿಡಿದಿತ್ತು. ಉಳಿದವು ಎಷ್ಟು ಸಡಿಲವೆಂದರೆ ಹಲವು ಪಟ್ಟು ಬದಲಿಸಿದರೂ ಫಲ ಅಲುಗಲಿಲ್ಲ. ಸಂಶಯವಾದಿಗಳು ಇದನ್ನು ಓದಿ, ನೋಡಿ, ನಿಮ್ಮ ಅಂಕಿಗಳಿಗೆ ಅರ್ಥವೇ ಇಲ್ಲ ಎಂದರು. ನಾವು ಅದನ್ನು ಬೇರೆ ರೀತಿ ಓದುತ್ತೇವೆ: ಎಲ್ಲವನ್ನೂ ಅಳೆಯದೆಯೂ ಮುನ್ಸೂಚನೆ ಕೊಡಬಹುದು, ಆದರೆ ಎಷ್ಟು ಖಚಿತವಾಗಿ ಎಂಬುದನ್ನು ಪ್ರತಿ ಮುನ್ಸೂಚನೆಯ ಜೊತೆಗೇ ಹೇಳಬೇಕು. ಒಂದೇ ಗೆರೆ ಎಳೆದು ಇದೇ ಸತ್ಯ ಎನ್ನುವ ಮಾದರಿಗೆ ನಮ್ಮಲ್ಲಿ ಜಾಗವಿಲ್ಲ.

ಮಾದರಿ ಸೋತಾಗ ಅದನ್ನು ಮುಚ್ಚಿಡುವುದೂ ಇಲ್ಲ. 2009ರಲ್ಲಿ ಅಮೆರಿಕದ ಮೆರಿಮ್ಯಾಕ್ ಕಂಪನಿಯ ವಿಜ್ಞಾನಿಗಳು ಇಜಿಎಫ್ ಗ್ರಾಹಕಗಳ ಕುಟುಂಬವನ್ನೆಲ್ಲ ಸಮೀಕರಣಗಳಲ್ಲಿ ಬರೆದು, ಹೆಚ್ಚು ಗಮನ ಸಿಗದಿದ್ದ ಇಆರ್‌ಬಿಬಿ3 ಎಂಬುದೇ ಕೀಲಿ ಎಂದು ಕಂಡು, ಅದರ ವಿರುದ್ಧ ಪ್ರತಿಕಾಯವನ್ನೂ ತಯಾರಿಸಿದರು. ಗಣಿತದಿಂದ ಔಷಧದವರೆಗಿನ ಅಷ್ಟು ನೇರವಾದ ದಾರಿ ಅಪರೂಪ. ಆದರೆ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಆ ಮದ್ದು ನಿರೀಕ್ಷಿಸಿದ ಫಲ ಕೊಡಲಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೂ ಮನುಷ್ಯನೊಳಗಿನ ಗಡ್ಡೆಗೂ ನಡುವೆ ಇರುವ ದೂರವನ್ನು ಮಾದರಿಗಳು ಇನ್ನೂ ದಾಟಿಲ್ಲ. ರಕ್ತನಾಳ, ರೋಗನಿರೋಧಕ ಕೋಶ, ಸುತ್ತಲಿನ ಅಂಗಾಂಶ, ಇವೆಲ್ಲ ಸಮೀಕರಣದೊಳಗೆ ಬರಬೇಕು. ಬಂದೇ ತೀರುತ್ತವೆ.

ಇತ್ತ ಯಂತ್ರಕಲಿಕೆಯ ಅಬ್ಬರ. ಆಲ್ಫಾಫೋಲ್ಡ್ ಪ್ರೋಟೀನುಗಳ ಆಕಾರವನ್ನು ಲೆಕ್ಕದಲ್ಲೇ ಕಟ್ಟಿಕೊಟ್ಟಿತು, 2024ರ ನೊಬೆಲ್‌ನ ಅರ್ಧ ಪಾಲು ಅದಕ್ಕೆ ಸಂದಿತು, ಸಂದಲೇಬೇಕಿತ್ತು. ಆದರೆ ಆಕಾರ ಗೊತ್ತಾದ ಮಾತ್ರಕ್ಕೆ ಆ ಪ್ರೋಟೀನು ಕೋಶದಲ್ಲಿ ಎಷ್ಟಿದೆ, ಯಾವಾಗ ಎಚ್ಚರಗೊಳ್ಳುತ್ತದೆ ಎಂದು ಗೊತ್ತಾಗುವುದಿಲ್ಲ. ಕಾರಣ ಹೇಳದೆ ಉತ್ತರ ಮಾತ್ರ ಹೇಳುವ ಯಂತ್ರವನ್ನು ನಾವು ಸಹಾಯಕನಾಗಿ ಇಟ್ಟುಕೊಳ್ಳುತ್ತೇವೆ, ಯಜಮಾನನಾಗಿ ಅಲ್ಲ. ಮದ್ದು ಯಾಕೆ ಸೋತಿತು ಎಂದು ರೋಗಿಯ ಮಗಳು ಕೇಳಿದರೆ, ಯಂತ್ರ ಹಾಗೆ ಹೇಳಿತು ಎಂಬುದು ಉತ್ತರವಾಗಲಾರದು.

ನಮ್ಮ ಗುರಿ ರೋಗಿಯೊಬ್ಬರ ಮಾದರಿ. ಕನಸಲ್ಲ, ಆಗಿದೆ. 2015ರಲ್ಲಿ ಡರ್ಕ್ ಫೇ, ಕೋಲ್ಕ್, ಬೋರಿಸ್ ಖೊಲೊಡೆಂಕೊ ಮತ್ತಿತರರು ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರಿನಲ್ಲಿ, ಜೆಎನ್‌ಕೆ ಎಂಬ ಸಾವಿನ ಸಂಕೇತದ ಸಮೀಕರಣಗಳಿಗೆ ಒಂದೊಂದು ರೋಗಿಯ ಗಡ್ಡೆಯ ಅಂಕಿಗಳನ್ನು ಹಾಕಿ ಓಡಿಸಿದರು. ಯಾರ ಮಾದರಿಯಲ್ಲಿ ಸ್ವಿಚ್ಚು ಚುರುಕಾಗಿ ಒತ್ತಿಕೊಂಡಿತೋ ಅವರು ಹೆಚ್ಚು ಕಾಲ ಬದುಕಿದ್ದರು. ಯಾರದು ಮಂಕಾಗಿತ್ತೋ ಅವರ ಭವಿಷ್ಯವೂ ಮಂಕಾಗಿತ್ತು. ಪ್ರೋಟೀನುಗಳ ಪಟ್ಟಿಯಲ್ಲಿ ಕಾಣದ್ದು ಅವುಗಳ ನಡವಳಿಕೆಯಲ್ಲಿ ಕಂಡಿತು.

ಈಗ ಈ ಕೆಲಸವನ್ನು ನಮ್ಮ ನೆಲಕ್ಕೆ ತರಬೇಕು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ 14 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂತು. ಗಂಡಸರಲ್ಲಿ ಮೊದಲ ಸ್ಥಾನ ಬಾಯಿಯ ಕ್ಯಾನ್ಸರಿನದು. ತಂಬಾಕು ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದವರಾಗಿ ನಾವು ಈ ವಿಷಯದಲ್ಲಿ ಕಣ್ಣು ತಪ್ಪಿಸುವಂತಿಲ್ಲ. ಜಗತ್ತಿನ ಮಾದರಿಗಳು ಬಹುಪಾಲು ಪಶ್ಚಿಮದ ರೋಗಿಗಳ ದತ್ತಾಂಶದಿಂದ, ಕೆಲವೇ ಕೋಶಸಂತತಿಗಳಿಂದ ಕಟ್ಟಿದವು. ದವಡೆಯಲ್ಲಿ ವರ್ಷಾನುಗಟ್ಟಲೆ ಎಲೆಯಡಿಕೆ, ಗುಟ್ಕಾ ಇಟ್ಟುಕೊಂಡ ಕೆನ್ನೆಯ ಒಳಪದರದಲ್ಲಿ ಗ್ರಾಹಕಗಳು ಎಷ್ಟು, ಅವುಗಳ ಮರುಸಂದೇಶ ಹೇಗೆ ಎಂಬುದನ್ನು ಅಳೆದು ಬರೆಯಬೇಕಾದವರು ನಾವೇ. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಯಾರಿಗೆ, ಎಲ್ಲಿ, ಯಾವ ವಯಸ್ಸಿನಲ್ಲಿ ಎಂದು ಎಣಿಸುವ ಶಿಸ್ತು ಈ ಊರಿಗೆ ಹೊಸದಲ್ಲ. ಆ ಶಿಸ್ತನ್ನು ಕೋಶದೊಳಗೆ ಇಳಿಸುತ್ತೇವೆ.

ಹಾಗಾದರೆ ಬಳಗ ಸೇರುವವರಿಂದ ಏನು ಬೇಕು? ಪ್ರಕಟಿಸುವ ಪ್ರತಿ ಮಾದರಿಯ ಕಡತ, ಅದರ ದತ್ತಾಂಶ, ಅದನ್ನು ಓಡಿಸುವ ಕೋಡ್, ಮೂರೂ ಮುಕ್ತವಾಗಿರಬೇಕು. ಪ್ರಕಟಣೆಗೆ ಮುನ್ನ ತಂಡಕ್ಕೆ ಸೇರದ ಒಬ್ಬರು ಅದನ್ನು ಓಡಿಸಿ ಅದೇ ಫಲ ಕಂಡಿರಬೇಕು. ರೋಗಿಯ ಅನುಮತಿಯಿಲ್ಲದೆ ಒಂದು ಅಂಕಿಯನ್ನೂ ಮುಟ್ಟಬಾರದು, ಅವರ ಗುರುತು ಹೊರಬೀಳಬಾರದು. ಜೋಡಿ ಔಷಧವೊಂದನ್ನು ರೋಗಿಗೆ ಕೊಡುವ ಮೊದಲು ಅದು ಗಣಕದಲ್ಲಿ ಓಡಿರಬೇಕು. ಎಲ್ಲಿ ಮರುಸಂದೇಶ ಎದ್ದು ನಿಲ್ಲುತ್ತದೆ ಎಂಬ ಊಹೆ ಬರಹದಲ್ಲಿರಬೇಕು, ಸುಳ್ಳಾದರೆ ಸುಳ್ಳೆಂದು ಕಾಣುವಂತೆ. ಮತ್ತು ಇದನ್ನೆಲ್ಲ ನಾವು ಕನ್ನಡದಲ್ಲೂ ಬರೆಯುತ್ತೇವೆ, ಏಕೆಂದರೆ ಬಿಎಸ್ಸಿಯಲ್ಲಿ ಅವಕಲ ಸಮೀಕರಣ ಬಿಡಿಸುತ್ತಿರುವ ರಾಯಚೂರಿನ ಹುಡುಗಿಗೆ ಆ ಸಮೀಕರಣ ಗಡ್ಡೆಯೊಂದರ ಹಣೆಬರಹ ಬರೆಯಬಲ್ಲದು ಎಂದು ಇದುವರೆಗೆ ಯಾರೂ ಹೇಳಿಲ್ಲ.

ಈ ಕೆಲಸಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಕಿಲ್ಲ. ಎರ್ಕ್ ಸರಣಿಯ ಮಾದರಿ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸೆಕೆಂಡುಗಳಲ್ಲಿ ಓಡುತ್ತದೆ. ಮಾದರಿ ಓಡಿಸುವ ಕೊಪಾಸಿಯಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಬಯೋಮಾಡೆಲ್ಸ್ ಭಂಡಾರಕ್ಕೆ ಹೋಗಿ ಇಜಿಎಫ್ ಗ್ರಾಹಕದ ಒಂದು ಮಾದರಿಯನ್ನು ಇಳಿಸಿಕೊಳ್ಳಿ. ಓಡಿಸಿ. ಒಂದು ನಿಯತಾಂಕ ಬದಲಿಸಿ ಮತ್ತೆ ಓಡಿಸಿ. ಎರ್ಕ್ ಏರುವುದನ್ನು, ಇಳಿಯುವುದನ್ನು, ಕೆಲವೊಮ್ಮೆ ಇಳಿಯದೆ ನಿಲ್ಲುವುದನ್ನು ನೋಡಿ, ಎಲ್ಲಿ ತಪ್ಪಿದೆ ಅನ್ನಿಸಿದರೆ ಆ ತಪ್ಪನ್ನು ಬರೆದುಕೊಂಡು ನಮ್ಮಲ್ಲಿಗೆ ಬನ್ನಿ.